ಕಡೆಯ ದೋಣಿಗೆ ಬಂದ ನೀಲತ್ತೆ

ಕೊಟ್ಟೂರಿನ ನಮ್ಮ ಮನೆಯ ಬಾಗಿಲ ಪಕ್ಕದಲ್ಲಿ ಹಸಿರು ಪಟ್ಟಿಯ ಒಂದು ಜೊತೆ ಹವಾಯಿ ಚಪ್ಪಲಿಗಳಿವೆ. ನನ್ನ ಕಾಲಿಗೆ ದೊಡ್ಡವು, ಅವ್ವನ ಕಾಲಿಗೆ ಇನ್ನೂ ದೊಡ್ಡವು, ಅಪ್ಪನ ಕಾಲಿಗೆ ಚಿಕ್ಕವು. ತಮ್ಮ ಕೊಟ್ರೇಶ ಒಮ್ಮೆ ಅವನ್ನು ಮೆಟ್ಟಿಕೊಂಡು ಬಚ್ಚಲಿಗೆ ಹೋಗಿ ಅವ್ವನಿಂದ ಚೆನ್ನಾಗಿ ಬೈಸಿಕೊಂಡ. ಕರೆಂಟ್ ಬಿಲ್ಲು ಕೊಡಲು ಬರುವವನು ತಿಂಗಳಿಗೊಮ್ಮೆ ಅವನ್ನು ನೋಡಿ, "ಯಾರರ ಬಂದಾರೇನ್ರಿ ಮನಿಗೆ?" ಎಂದು ಕೇಳುತ್ತಾನೆ. ಇಲ್ಲ ಎಂದರೆ ನಂಬುವುದಿಲ್ಲ. ಮನೆಯಲ್ಲಿಲ್ಲದವರ ಚಪ್ಪಲಿಯನ್ನು ಯಾರಾದರೂ ವಾರಕ್ಕೊಮ್ಮೆ ತೊಳೆದು ಬಿಸಿಲಿಗಿಡುತ್ತಾರೆಯೇ, ನೀವೇ ಹೇಳಿ.

ನನಗೆ ದಿನಚರಿ ಬರೆಯುವ ಚಟವಿದೆ. ಸಿಲಿಂಡರ್ ಬಂದ ದಿನ, ಹಿತ್ತಲ ಬೆಕ್ಕು ಮರಿ ಹಾಕಿದ ದಿನ, ಅಪ್ಪ ಸಕ್ಕರೆ ಬಿಡುತ್ತೇನೆಂದು ಹೇಳಿದ ದಿನ, ಮತ್ತೆ ಹಿಡಿದ ದಿನ, ಎಲ್ಲವೂ ನನ್ನಲ್ಲಿ ದಾಖಲೆಯಾಗುತ್ತವೆ. ಹರಪನಹಳ್ಳಿಯ ಒಂದು ಶಾಲೆಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಅಲ್ಲಿ ಬರೆದು ಕೈಗೆ ಸಾಲದೆ ಮನೆಗೆ ಬಂದೂ ಬರೆಯುತ್ತಾಳೆ ಎಂದು ಕೊಟ್ರೇಶ ಹಾಸ್ಯ ಮಾಡುತ್ತಾನೆ. ಮಾಡಲಿ. ಅವನು ತನ್ನ ಗಾಡಿಯ ವಿಮೆ ಎಂದು ಮುಗಿಯುತ್ತದೆಂದು ತಿಳಿಯಲು ನನ್ನನ್ನೇ ಕೇಳಬೇಕು. ಈ ಚಟದಿಂದಾಗಿ ಊರಿಗೆ ಹೋಗಿಬಂದಾಗಲೆಲ್ಲ ಒಂದು ಸಾಲು ಬರೆಯುತ್ತೇನೆ: ಹೋದವರು ಇಷ್ಟು, ಬಂದವರು ಇಷ್ಟು. ಹಿಂದಿನ ಶ್ರಾವಣದ ಪುಟದಲ್ಲಿ ಮಾತ್ರ ಆ ಸಾಲು ಹೀಗಿದೆ: ಹೋದವರು ಮೂವರು, ಬಂದವರು ನಾಲ್ವರು.

ಹೋದ ಮೂವರು ಅವ್ವ, ನಾನು, ಕೊಟ್ರೇಶ. ಹೋದದ್ದು ಪಂಚಮಿಗೆ, ಅವ್ವನ ತವರಿಗೆ. ಅದು ಹೊಳೆಯಾಚೆಗಿನ ಊರು. ಹಡಗಲಿ ದಾಟಿ ತುಂಗಭದ್ರೆಯ ದಡಕ್ಕೆ ಹೋಗಿ, ಅಲ್ಲಿಂದ ದೋಣಿ ಹತ್ತಿದರೆ ಎದುರಿಗೇ ಕಾಣುತ್ತದೆ. ಸೇತುವೆಯ ದಾರಿಯೂ ಉಂಟು. ಆದರೆ ಅದು ಊರಿಂದ ಊರಿಗೆ ಸುತ್ತಿ, ನಡುವೆ ಒಂದು ಹಳ್ಳವನ್ನೂ ದಾಟಿಸಿ, ಸುಸ್ತು ಮಾಡಿ ತಲುಪಿಸುವ ದಾರಿ. ಬಸ್ಸಿನಲ್ಲಿ ಅವ್ವನಿಗೆ ವಾಂತಿ ಬರುತ್ತದೆ. ದೋಣಿಯಲ್ಲಿ ಬರುವುದಿಲ್ಲ. "ಬಸ್ಸು ಒದರಾಡ್ತೈತಿ, ಹೊಳಿ ತೂಗ್ತೈತಿ" ಎನ್ನುತ್ತಾಳೆ.

ನಾನು ಚಿಕ್ಕವಳಿದ್ದಾಗ ಆ ಹೊಳೆಯನ್ನು ತೆಪ್ಪದಲ್ಲಿ ದಾಟುತ್ತಿದ್ದೆವು. ಬಿದಿರಿನ ದುಂಡು ಬುಟ್ಟಿ, ಅದಕ್ಕೆ ಡಾಂಬರು ಬಳಿದ ಹೊದಿಕೆ. ಕುಳಿತರೆ ಲಂಗಕ್ಕೆ ಡಾಂಬರಿನ ವಾಸನೆ ಹತ್ತಿ, ಅಜ್ಜಿಯ ಮನೆ ಮುಟ್ಟಿದರೂ ಹೋಗುತ್ತಿರಲಿಲ್ಲ. ತೆಪ್ಪ ತಿರುಗಿದಾಗ ದಡದ ಬೇವಿನ ಮರವೇ ನಮ್ಮ ಸುತ್ತ ಓಡುತ್ತಿದೆಯೆಂದು ನಾನು ಬಹಳ ಕಾಲ ನಂಬಿದ್ದೆ. ಆಚೆ ದಡದಲ್ಲಿ ಅಜ್ಜಿ ಸೆರಗನ್ನು ಹಣೆಗೆ ಅಡ್ಡ ಹಿಡಿದು ನಿಂತಿರುತ್ತಿದ್ದಳು. ಇಳಿದ ಕೂಡಲೇ ನನ್ನ ಬಾಯಿಗೊಂದು ಎಳ್ಳುಂಡೆ. ಮಾತು ಆಮೇಲೆ.

ಈಗ ತೆಪ್ಪದ ಬದಲು ಜೋಡಿದೋಣಿ ಬಂದಿದೆ. ಎರಡು ಕಬ್ಬಿಣದ ದೋಣಿಗಳನ್ನು ಪಕ್ಕಪಕ್ಕದಲ್ಲಿ ಬಿಗಿದು, ಮೇಲೆ ಹಲಗೆ ಹಾಸಿ, ಹಿಂದೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಬೈಕು, ಆಡು, ಗೊಬ್ಬರದ ಚೀಲ, ಸಣ್ಣದಾದರೆ ಕಾರು, ಎಲ್ಲವೂ ಅದರ ಮೇಲೆ ದಾಟುತ್ತವೆ. ಕೊಟ್ರೇಶ ಆಗಷ್ಟೇ ಹಳೆಯದೊಂದು ಕಾರು ಕೊಂಡಿದ್ದ. ಕಾರು ತಂದವನು ಅದನ್ನು ಸೋದರಮಾವನ ಊರಿಗೆ ತೋರಿಸದೆ ಬಿಡುತ್ತಾನೆಯೇ? ದೋಣಿ ನಡೆಸುವ ಫಕೀರಪ್ಪ ಅದನ್ನು ಸುತ್ತು ಹಾಕಿ ನೋಡಿ, "ಈಜು ಕಲಿಸೀಯೇನಪಾ ಇದಕ್ಕ?" ಎಂದ. ಕೊಟ್ರೇಶನ ಮುಖ ಸಣ್ಣದಾಯಿತು.

ಅವ್ವನ ಗಮನ ಕಾರಿನ ಮೇಲಿರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಅದು ಅವಳ ಮೊದಲ ಪಂಚಮಿ. ಪ್ರತಿ ವರ್ಷ ಮಾವ ಕೊಟ್ಟೂರಿಗೇ ಬಂದು ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದ. ಆ ಸಲ ಫೋನ್ ಬಂತು. ಮಾತಾಡಿದವನು ಮಾವ ಮಾತ್ರ. ಮಾವನ ಹೆಂಡತಿ ನೀಲತ್ತೆ ಫೋನಿಗೆ ಬರಲಿಲ್ಲ. ಅವ್ವ ಅದನ್ನು ಬಾಯಿಬಿಟ್ಟು ಹೇಳಿದ್ದು ಒಮ್ಮೆಯೇ, ಅದೂ ಅಕ್ಕಿ ಆರಿಸುತ್ತ, ಅಕ್ಕಿಗೆ ಹೇಳಿದಂತೆ: "ನೀಲಿ ಒಂದ್ ಮಾತು ಬರ್ರಿ ಅನ್ನಲಿಲ್ಲ." ಅಜ್ಜಿ ಇರುವವರೆಗೆ ಆ ಮನೆ ತನ್ನದೋ ಅಲ್ಲವೋ ಎಂದು ಅವಳು ಕೇಳಿಕೊಂಡಿರಲಿಲ್ಲ. ಈಗ ಅದನ್ನು ನೋಡಿ ಬರಲಿಕ್ಕೇ ಹೊರಟಿದ್ದಳು. ಉಂಡೆ, ಜೋಕಾಲಿ, ರಜೆ ಎಲ್ಲ ನಮಗೆ.

ಹೋದ ಮೇಲೂ ಅವಳಿಗೆ ಉತ್ತರ ಸಿಗಲಿಲ್ಲ. ನೀಲತ್ತೆ ಕೆಲಸದಲ್ಲಿ ಗಟ್ಟಿ, ಮಾತಿನಲ್ಲಿ ಕಡಿಮೆ. ಹಬ್ಬದ ಹಿಂದಿನ ರೊಟ್ಟಿ ಪಂಚಮಿಯ ದಿನ ಅವ್ವ ಒಲೆಯ ಮುಂದೆ ಕೂರಲು ಹೋದರೆ, "ಬ್ಯಾಡ ಬಿಡ್ರಿ ಅಕ್ಕಾರ, ನೀವು ಪಡಸಾಲ್ಯಾಗ ಕುಂದರ್ರಿ" ಎಂದಳು. ನೀರು ಸೇದಲು ಹೋದರೆ ಕೊಡ ಕಸಿದುಕೊಂಡಳು. ಗಾದಿಯ ಮೇಲೆ ಹೊಸ ಹೊದಿಕೆ ಹಾಸಿದಳು, ಚಹಾವನ್ನು ತಟ್ಟೆಯಲ್ಲಿಟ್ಟು ತಂದಳು. ಉಪಚಾರಕ್ಕೇನೂ ಕೊರತೆಯಿಲ್ಲ. ತಾನು ಹುಟ್ಟಿದ ಮನೆಯಲ್ಲಿ ತಟ್ಟೆಯ ಚಹಾ ಕುಡಿಯುತ್ತ ಅವ್ವ ಬ್ಯಾಂಕಿಗೆ ಬಂದವಳಂತೆ ಕುಳಿತಿದ್ದಳು.

ಮರುದಿನ ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ ಹೆಸರು ಹೇಳಿ ಒಬ್ಬೊಬ್ಬರ ಪಾಲು ಎರೆಯುವುದು ನಮ್ಮ ಕಡೆಯ ಪದ್ಧತಿ. ಅವ್ವ ಕೊಬ್ಬರಿ ಬಟ್ಟಲಿನಿಂದ ದೇವರ ಪಾಲು, ಗುರುಗಳ ಪಾಲು ಎಂದು ಎರೆಯುತ್ತ ಬಂದವಳು, "ಅವ್ವನ..." ಎಂದು ತಡೆದು ನಿಂತಳು. ಇರುವವರ ಹೆಸರಿಗೆ ಎರೆದು ರೂಢಿಯಾದ ಕೈ. ಪಕ್ಕದಲ್ಲಿದ್ದ ನೀಲತ್ತೆ ತಲೆ ಎತ್ತದೆ, "ಅತ್ತಿಯವರ ಪಾಲು" ಎಂದು ತನ್ನ ಬಟ್ಟಲಿನ ಹಾಲನ್ನು ಎರೆದು ಎದ್ದು ಹೋದಳು. ಅದು ಅಕ್ಕರೆಯೋ ಅವಸರವೋ ನನಗೆ ತಿಳಿಯಲಿಲ್ಲ. ಅವ್ವನಿಗೂ ತಿಳಿಯಲಿಲ್ಲ ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಹೊರಡುವ ದಿನ ಸಂಜೆ ನಿಧಾನವಾಗಿ ಹೊರಡುವುದೆಂದು ಮಾತಾಗಿತ್ತು. ಊಟ ಮುಗಿಸಿ ಕೊಟ್ರೇಶ ಊರ ಹುಡುಗರ ಜೊತೆ ಜೋಕಾಲಿ ಜೀಕುತ್ತಿದ್ದ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ, ಹೊಳೆ ಏರುತ್ತದೆ, ದಡಕ್ಕೆ ದನಕರು ಬಿಡಬೇಡಿ ಎಂದು ಪಂಚಾಯಿತಿಯ ಆಟೋ ಮೈಕಿನಲ್ಲಿ ಕೂಗುತ್ತ ಬಂತು. ಅದರ ಹಿಂದೆಯೇ ಫಕೀರಪ್ಪನ ಫೋನ್, ಮಾವನಿಗೆ: "ಇನ್ನೊಂದ ಟ್ರಿಪ್ಪು. ಆಮ್ಯಾಲೆ ದೋಣಿ ನಮ್ಮ ಹಡಗಲಿ ದಂಡಿಗೆ ಕಟ್ಟತೀನಿ. ನೀರು ಇಳಿಯೋತನ ಬಿಡಂಗಿಲ್ಲ. ಕಾರು ಬರೋದಿದ್ರ ಈಗ ಬರ್ಲಿ." ಸೇತುವೆಯ ದಾರಿಯಲ್ಲಿ ಹಳ್ಳ ಆಗಲೇ ರಸ್ತೆಯ ಮೇಲೆ ಹರಿಯುತ್ತಿದೆ ಎಂದೂ ಯಾರೋ ಹೇಳಿದರು.

ಇಂಥ ಹೊತ್ತಿನಲ್ಲಿ ನನ್ನಂಥವರಿಗೆ ಒಂದು ಬಗೆಯ ಹುರುಪು ಬರುತ್ತದೆ. ಚೀಲಗಳನ್ನು ಸಾಲಾಗಿ ಇಡಿಸಿದೆ. ಎಳ್ಳುಂಡೆ, ಶೇಂಗಾ ಉಂಡೆ, ತಂಬಿಟ್ಟಿನ ಡಬ್ಬಿಗಳನ್ನು ಹಿಂದಿನ ಡಿಕ್ಕಿಗೆ ಹಾಕಿಸಿದೆ. ಚಾರ್ಜರ್ ನೆನಪಿಸಿದೆ, ಔಷಧಿ ನೆನಪಿಸಿದೆ. ಅವ್ವ ಎರಡು ಸಲ ಒಳಗೆ ಹೋಗಿ ಎರಡು ಸಲ ಹೊರಗೆ ಬಂದಳು. ಮೂರನೆಯ ಸಲ ಹೊರಟಾಗ ನಾನೇ ಕೈ ಹಿಡಿದು ಕಾರಿನಲ್ಲಿ ಕೂರಿಸಿದೆ. "ನೀಲಿ ಎಲ್ಲಿ?" ಎಂದಳು. ಮಾವ, "ಹಿತ್ತಲದಾಗ ಇರಬೇಕು, ನೀವು ನಡೀರಿ, ದೋಣಿ ತಪ್ಪಿದ್ರ ಕಷ್ಟ" ಎಂದ. ಕಾರು ಓಣಿಯ ತಿರುವು ದಾಟುವವರೆಗೂ ಅವ್ವ ಹಿಂದಿನ ಗಾಜಿನಿಂದ ಬಾಗಿಲನ್ನೇ ನೋಡುತ್ತಿದ್ದಳು. ಬಾಗಿಲಿಗೆ ಯಾರೂ ಬರಲಿಲ್ಲ.

ದಡದಲ್ಲಿ ಆಗಲೇ ಮೂರು ಬೈಕು, ಒಂದು ಹಿಂಡು ಆಡು ಹತ್ತಿದ್ದವು. ಹೊಳೆ ಬೆಳಗಿನ ಹೊಳೆಯಾಗಿರಲಿಲ್ಲ. ಬಣ್ಣ ಕೆಂಪಗೆ ತಿರುಗಿತ್ತು, ಕಸ ಕಡ್ಡಿ ತೇಲಿ ಬರುತ್ತಿತ್ತು. ಹಲಗೆಯ ಮೇಲೆ ಕಾರು ಹತ್ತಿಸುವುದು ನಮ್ಮ ಕೊಟ್ರೇಶನಿಗೆ ಸುಲಭವಲ್ಲ. ಫಕೀರಪ್ಪ ಎದುರಿಗೆ ನಿಂತು, "ಬಾ, ಬಾ, ಹಂಗs ಬಾ, ಏ ನನ್ನ ಮ್ಯಾಲೆ ಬರಬ್ಯಾಡಲೇ!" ಎಂದು ಕೂಗಿ ಹತ್ತಿಸಿಕೊಂಡ. ಚಕ್ರಗಳಿಗೆ ಕಲ್ಲು ಕೊಟ್ಟು, ಎಲ್ಲರನ್ನೂ ಕಾರಿನಿಂದ ಇಳಿಸಿದ. ಅವ್ವ ಇಳಿದು ಕಾರಿಗೆ ಒರಗಿ ನಿಂತಳು. ಎರಡೂ ಕೈಯಲ್ಲಿ ಸೆರಗಿನ ತುದಿ ಹಿಡಿದುಕೊಂಡಿದ್ದಳು, ಒದ್ದೆ ಬಟ್ಟೆ ಹಿಂಡುವವಳಂತೆ.

"ಏನಾತಬೇ?" ಎಂದೆ.

"ಏನಿಲ್ಲ."

ನೀರಿನ ಕಡೆ ತಿರುಗಿ ಹೇಳಿದಳು: "ಉಡಿ ತುಂಬಲಿಲ್ಲ ಅವರು."

ಉಡಿ ತುಂಬುವುದೆಂದರೆ ನಿಮಗೆ ಗೊತ್ತೇ ಇದೆ. ಮಗಳು ತವರಿನಿಂದ ಹೊರಡುವಾಗ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಉತ್ತತ್ತಿ, ಎಲೆ ಅಡಿಕೆ ಹಾಕಿ ಕಳಿಸುತ್ತಾರೆ. ಅಂಗಡಿಯಲ್ಲಿ ಕೊಂಡರೆ ಒಂದು ಪೊಟ್ಟಣಕ್ಕಾಗುವಷ್ಟು ಸಾಮಾನು. ಆದರೆ ಮತ್ತೆ ಬಾ ಎಂದು ಹೇಳಲು ಆ ಮನೆಗಳಲ್ಲಿ ಇರುವ ಮಾತು ಅದೊಂದೇ. ಅಜ್ಜಿ ಒಂದು ವರ್ಷವೂ ತಪ್ಪಿಸಿರಲಿಲ್ಲ.

ಕೊಟ್ರೇಶ ತಕ್ಷಣ ಫೋನ್ ತೆಗೆದ. "ತಡಿ, ಮಾವಗ ಹೇಳ್ತೀನಿ."

"ಮಾಡಿದ್ರ ನೋಡು ಮತ್ತ!" ಅವ್ವ ಎಂದೂ ಅಷ್ಟು ಗಟ್ಟಿಯಾಗಿ ಹೇಳಿದ್ದಿಲ್ಲ. "ಕೇಳಿ ತುಂಬಿಸ್ಕೊಳ್ಳೋದೇನದು? ಅವರಿಗೆ ಅನ್ನಿಸಬೇಕು. ಅನ್ನಿಸಿಲ್ಲಂದ್ರ ಬಿಡು."

ಫಕೀರಪ್ಪ ಹಗ್ಗ ಬಿಚ್ಚುತ್ತಿದ್ದ. ಆಗ ದಡದ ಮೇಲಿನ ದಾರಿಯಲ್ಲಿ ಮಾವನ ಬೈಕಿನ ಹಾರನ್ ಕೇಳಿಸಿತು. ಬಿಡದೆ ಒತ್ತಿ ಹಿಡಿದಿದ್ದ. ಹಿಂದೆ ನೀಲತ್ತೆ. ಮಡಿಲಲ್ಲಿ ಬಟ್ಟೆ ಮುಚ್ಚಿದ ಮೊರ, ಕಾಲಲ್ಲಿ ಚಪ್ಪಲಿಯಿಲ್ಲ, ಕೂದಲೆಲ್ಲ ಕೆದರಿ ಹಾರುತ್ತಿತ್ತು. ಬೈಕು ನಿಲ್ಲುವ ಮೊದಲೇ ಇಳಿದು ಕೆಸರಿನಲ್ಲಿ ಓಡಿ ಬಂದಳು. "ಫಕೀರಣ್ಣಾ, ಹಗ್ಗ ಬಿಟ್ಟೀ ಅಂದ್ರ ನೋಡು!"

"ಹತ್ತಾಕ ಇಳಿಯಾಕ ಹೊತ್ತಿಲ್ಲ ತಂಗೀ, ನೀರು ಎಳೀತೈತಿ. ಅಲ್ಲಿಂದs ಕೊಡು."

"ಉಡಿ ಯಾರರ ಅಲ್ಲಿಂದ ಕೊಡ್ತಾರೇನು?" ಎನ್ನುತ್ತ ಮೊರವನ್ನು ತಲೆಯ ಮೇಲಿಟ್ಟುಕೊಂಡು ಹಲಗೆ ಹತ್ತಿಯೇ ಬಿಟ್ಟಳು. ಬಂದವಳು ಅವ್ವನ ಮುಂದೆ ನಿಂತು ಏದುಸಿರು ಬಿಡುತ್ತ ಬೈದಳು. "ಖಾಲಿ ಉಡೀಲೆ ಹೊಳಿ ದಾಟ್ತೀರೇನ್ರಿ ಅಕ್ಕಾರ? ನಾನು ಸತ್ತಿದ್ನೇನು ಮನ್ಯಾಗ?"

"ನೀ ಎಲ್ಲಿದ್ದಿ ಮತ್ತ? ಬಾಗಲಿಗೂ ಬರಲಿಲ್ಲ."

"ಹಿಡೀರಿ ಸೆರಗು ಮೊದಲು."

ಅವ್ವ ಸೆರಗು ಹಿಡಿದಳು. ಉಡಿ ತುಂಬಿಸಿಕೊಳ್ಳುವವರು ಮೂಡಣಕ್ಕೆ ಮುಖ ಮಾಡಿರಬೇಕು. ನೀಲತ್ತೆ ಅವ್ವನನ್ನು ಭುಜ ಹಿಡಿದು ತಿರುಗಿಸಿ ನಿಲ್ಲಿಸಿ ಮೊದಲ ಹಿಡಿ ಅಕ್ಕಿ ಹಾಕುವಷ್ಟರಲ್ಲಿ ದೋಣಿ ದಡ ಬಿಟ್ಟು ಸೆಳವಿಗೆ ಸಿಕ್ಕು ತಿರುಗಿತು. ಅವ್ವ ಈಗ ತೆಂಕಣಕ್ಕೆ ನಿಂತಿದ್ದಳು. ನೀಲತ್ತೆ ಮತ್ತೆ ತಿರುಗಿಸಿದಳು. ಎರಡನೆಯ ಹಿಡಿ. ಫಕೀರಪ್ಪ ಸೆಳವಿಗೆ ಅಡ್ಡ ಹೊಡೆದ. ಅವ್ವ ಆಡಿನ ಹಿಂಡಿಗೆ ಮುಖವಾದಳು. "ಫಕೀರಣ್ಣಾ, ಒಂದ್ ಕಡೆ ನೆಟ್ಟಗ ನಡಸೋ!" ಎಂದು ನೀಲತ್ತೆ ಕೂಗಿದರೆ ಅವನು, "ಹೊಳಿಗೆ ಹೇಳವ್ವ ಅದನ್ನ!" ಎಂದು ಕೂಗಿದ. ಬೈಕಿನವರೆಲ್ಲ ಬೆರಳು ಚಾಚಿ ಮೂಡಣ ತೋರಿಸತೊಡಗಿದರು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಕೊಟ್ರೇಶ ಫೋನಿನಲ್ಲಿ ದಿಕ್ಸೂಚಿ ತೆರೆದು, "ಈ ಕಡೆ, ಅಲ್ಲ, ಈ ಕಡೆ" ಎನ್ನುತ್ತ ತಾನೂ ತಿರುಗಿದ. ಒಂದು ಆಡು ಎಲೆ ಅಡಿಕೆಯನ್ನು ಎಟುಕಿಸಿಕೊಳ್ಳಲು ಬಂದು ಕಪಾಳಕ್ಕೆ ಏಟು ತಿಂದಿತು. ಅಂತೂ ಅಕ್ಕಿ ಹೋಗಿ ಕೊಬ್ಬರಿ, ಕೊಬ್ಬರಿ ಹೋಗಿ ಅರಿಸಿನ, ಎಲ್ಲವೂ ಅವ್ವನ ಸೆರಗಿಗೆ ಬಿದ್ದವು. ಎಷ್ಟು ಮೂಡಣಕ್ಕೆ, ಎಷ್ಟು ಪಡುವಣಕ್ಕೆ ಎಂದು ನಾನೂ ಬರೆದುಕೊಳ್ಳಲಿಲ್ಲ.

ನೀಲತ್ತೆ ಅವ್ವನ ಹಣೆಗೆ ಕುಂಕುಮ ಇಟ್ಟಳು. ಆಗ ಹೇಳಿದಳು, ಯಾರಿಗೂ ಕೇಳಬಾರದೆಂಬಂತೆ. "ಬೆಳಗಿಂದ ಮೊರ ಕಟ್ಟಿ ಇಟ್ಟಿದ್ನಿ ಅಕ್ಕಾರ. ಅದು ಅತ್ತಿಯವರ ಕೆಲಸ. ಅವರ ಜಾಗದಾಗ ನಿಂತು ನಿಮಗ ತುಂಬಾಕ ಕೈ ಏಳಲಿಲ್ಲ. ದನದ ಮನ್ಯಾಗ ಹೋಗಿ ಕುಂತಿದ್ನಿ. ಅಳೋದು ನಿಂತ ಮ್ಯಾಲೆ ಬರೋಣ ಅಂತ. ಕಾರ್ ಹೋದ ಸಪ್ಪಳಾತು."

"ಒಲಿ ಮುಂದ ಕುಂದ್ರಾಕೂ ಬಿಡಲಿಲ್ಲಲ್ಲ ನನ್ನ."

"ನೀವು ಬಂದು, ಏನೂ ಸರಿ ಇಲ್ಲ ಈ ಮನ್ಯಾಗ, ನಮ್ಮವ್ವ ಇದ್ದಂಗಿಲ್ಲ ಅಂದ್ರ ಅಂತ ಅಂಜಿಕಿ ಆಗಿತ್ರಿ."

ಅವ್ವ ತುಂಬಿದ ಸೆರಗನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ನೀಲತ್ತೆಯ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಇಬ್ಬರೂ ಅತ್ತರು. ನಾನು ಆಡುಗಳ ಕಡೆ ತಿರುಗಿ ನಿಂತೆ.

ಈಚೆ ದಡ ಮುಟ್ಟಿ, ಕಾರು ಇಳಿದು, ಬೈಕುಗಳು ಇಳಿದು, ಫಕೀರಪ್ಪ ದೋಣಿಯನ್ನು ಬೇವಿನ ಮರಕ್ಕೆ ಬಿಗಿದ ಮೇಲೆಯೇ ಎಲ್ಲರಿಗೂ ಒಂದು ವಿಷಯ ಹೊಳೆದದ್ದು. ನೀಲತ್ತೆ ಈಚೆಗಿದ್ದಾಳೆ. ಮಾವ ಆಚೆ ದಡದಲ್ಲಿ ಬೈಕಿನ ಪಕ್ಕದಲ್ಲಿ ಸಣ್ಣಗೆ ಕಾಣುತ್ತಿದ್ದಾನೆ. ಆಗಲೇ ಅವನ ಫೋನ್ ಬಂತು. ನೀಲತ್ತೆ ನನ್ನ ಫೋನ್ ಕಿವಿಗಿಟ್ಟುಕೊಂಡು, ಎದುರಿಗೆ ಕಾಣುತ್ತಿದ್ದ ಗಂಡನಿಗೆ ಕೈ ಬೀಸಿ ಬೀಸಿ ಮಾತಾಡಿದಳು.

"ಎಮ್ಮಿ ಯಾರು ಹಿಂಡತಾರಲೇ?" ಮಾವನ ದನಿ ನಮಗೂ ಕೇಳುತ್ತಿತ್ತು.

"ನೀವs ಹಿಂಡ್ರಿ."

"ನನಗ ಒದೀತೈತದು!"

"ನನ್ನ ಸೀರಿ ಉಟ್ಟಕೊಂಡು ಹೋಗ್ರಿ, ಸುಮ್ಮನಿರತೈತಿ."

ಫಕೀರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಆ ಹಸಿರು ಪಟ್ಟಿಯ ಚಪ್ಪಲಿಗಳು ಬಂದದ್ದು ಆಗ. ಹಡಗಲಿ ಬಸ್ ನಿಲ್ದಾಣದ ಹತ್ತಿರ ಕಾರು ನಿಲ್ಲಿಸಿ ಅವ್ವ ಕೊಂಡಳು. ನೀಲತ್ತೆಯ ಕಾಲು ಉದ್ದ, ಅಂಗಡಿಯವನು ಗಂಡಸರ ಚಪ್ಪಲಿಯನ್ನೇ ಕೊಟ್ಟ. ಕೊಟ್ಟೂರಿನಿಂದ ಹೋಗುವಾಗ ಅವಳಿಗೆ ಬೇರೆ ಜೊತೆ ಕೊಡಿಸಿ ಇವನ್ನು ಇಲ್ಲೇ ಇರಿಸಿಕೊಂಡವಳೂ ಅವ್ವನೇ. ಮತ್ತೆ ಬಂದಾಗ ಬೇಕಾಗುತ್ತವೆ ಎಂದಳು.

ಮರುದಿನವೇ ನೀಲತ್ತೆ ಹೊರಡಬಹುದಿತ್ತು. ಹಳ್ಳ ಇಳಿದಿತ್ತು, ಸೇತುವೆಯ ಮೇಲೆ ಬಸ್ಸು ಓಡುತ್ತಿತ್ತು. ಅಪ್ಪ ಒಳ್ಳೆಯ ಮನಸ್ಸಿನಿಂದ ಬಸ್ಸಿನ ವೇಳೆಯನ್ನೂ ಕೇಳಿಕೊಂಡು ಬಂದ. ನೀಲತ್ತೆ ರೊಟ್ಟಿಯ ಹಿಟ್ಟು ನಾದುತ್ತ, "ಬಂದ ದಾರೀಲೆ ಹೋಗ್ತೀನ್ರಿ ಅಣ್ಣಾರ. ಹೊಳಿ ಇಳೀಲಿ" ಎಂದಳು. ಅಪ್ಪ ನನ್ನ ಮುಖ ನೋಡಿದ. ನಾನು ಅವನನ್ನು ಹೊರಗೆ ಕಳಿಸಿದೆ. ಕೆಲವು ಬಸ್ಸುಗಳ ವೇಳೆ ಕೇಳಬಾರದು ಎಂಬುದು ಗಂಡಸರಿಗೆ ತಡವಾಗಿ ತಿಳಿಯುತ್ತದೆ.

ಹೊಳೆ ಇಳಿಯುವವರೆಗೂ ಅವಳು ಇದ್ದಳು. ಮಾವ ದಿನವೂ ಫೋನಿಗೆ ಹೊಳೆಯ ಚಿತ್ರ ಕಳಿಸುತ್ತಿದ್ದ. ನೀಲತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಇನ್ನೂ ಕೆಂಪಗೈತಿ" ಎಂದು ತಿರುಗಿ ಕೊಡುತ್ತಿದ್ದಳು. ಒಂದು ದಿನ ಚಿತ್ರದಲ್ಲಿ ನೀರು ನನಗೆ ಸಾಕಷ್ಟು ತಿಳಿಯಾಗಿಯೇ ಕಂಡಿತು. ಸುಮ್ಮನಿದ್ದೆ. ಅವ್ವ ಮೊದಲೆರಡು ಹೊತ್ತು ಅವಳನ್ನು ಪಡಸಾಲೆಯಲ್ಲಿ ಕೂರಿಸಲು ನೋಡಿದಳು, ತಟ್ಟೆಯಲ್ಲಿ ಚಹಾ ಇಟ್ಟಳು. ನೀಲತ್ತೆ ಆ ತಟ್ಟೆಯನ್ನು ಎತ್ತಿ ಗೂಡಿನಲ್ಲಿಟ್ಟು, ಲೋಟ ಮಾತ್ರ ಹಿಡಿದು ಒಲೆಯ ಮುಂದೆ ಹೋಗಿ ಕುಳಿತಳು. ಉಡಿಯಲ್ಲಿ ಬಂದ ಅಕ್ಕಿಯನ್ನು ಅವ್ವ ಪಾಯಸ ಮಾಡಿದಾಗ, ಬೆಲ್ಲ ಕಡಿಮೆಯಾಯಿತೆಂದು ನೀಲತ್ತೆ, ನೀಲಿಗೆ ಮೊದಲಿಂದಲೂ ಸಿಹಿ ಜಾಸ್ತಿ ಬೇಕೆಂದು ಅವ್ವ, ಇಬ್ಬರೂ ಅರ್ಧ ದಿನ ಜಗಳವಾಡಿದರು. ಎಷ್ಟೋ ವರ್ಷಗಳಿಂದ ಆಡದೆ ಇಟ್ಟುಕೊಂಡಿದ್ದ ಜಗಳವೆಂಬಂತೆ ಆಡಿದರು. ಅಜ್ಜಿಯ ವಿಷಯ ಬಂದಾಗ ಮಾತ್ರ ದನಿ ತಗ್ಗುತ್ತಿತ್ತು. ಅಜ್ಜಿ ಕಡೆಯ ದಿನಗಳಲ್ಲಿ ಏನು ಬೇಡಿದಳು, ಯಾರ ಹೆಸರು ಕೂಗಿದಳು ಎಂಬುದನ್ನೆಲ್ಲ ನೀಲತ್ತೆ ಬೀಸುವ ಕಲ್ಲಿನ ಪಕ್ಕ ಕುಳಿತು ಹೇಳಿದಳು. ಅವ್ವ ಅದನ್ನು ಕೇಳಲು ಅಷ್ಟು ದಿನ ಹೆದರಿದ್ದಳು, ನೀಲತ್ತೆ ಹೇಳಲು ಹೆದರಿದ್ದಳು.

ಪಂಚಮಿ ಮುಗಿಸಿ ಬಂದ ಹೆಣ್ಣುಮಕ್ಕಳನ್ನು ಓಣಿಯವರು ಸುಮ್ಮನೆ ಬಿಡುವುದಿಲ್ಲ. ಎದುರುಮನೆಯ ಸಾವಿತ್ರಮ್ಮ ಎರಡು ದಿನ ಕಾದು, ಒಂದು ಬೆಳಿಗ್ಗೆ ನಮ್ಮ ಕಟ್ಟೆಗೆ ಬಂದಳು. ಅವ್ವ ಕಟ್ಟೆಯ ಮೇಲೆ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಅವಳು ಹೋಗುವ ಮುಂಚೆ ಎಷ್ಟು ಸಪ್ಪಗಿದ್ದಳೆಂಬುದನ್ನು ಸಾವಿತ್ರಮ್ಮ ನೋಡಿದ್ದಳು. ಅದಕ್ಕೇ ಇರಬೇಕು, ಸ್ವಲ್ಪ ಮೆತ್ತಗೆ ಕೇಳಿದಳು.

"ಏನ್ ಕೊಟ್ಟು ಕಳಿಸ್ಯಾರವ್ವ ಈ ಸಲ, ತವರುಮನ್ಯಾಗ?"

ಅವ್ವ ಸೊಪ್ಪಿನಿಂದ ಕೈ ಎತ್ತಲಿಲ್ಲ.

"ಕೊಟ್ಟು ಕಳಿಸಿಲ್ಲವ್ವ. ತವರುಮನಿನs ಬಂದೈತಿ. ಒಳಗ ರೊಟ್ಟಿ ಬಡೀತೈತಿ, ಕೇಳು."

ಸಾವಿತ್ರಮ್ಮ ಬಾಗಿಲ ಕಡೆ ಕಿವಿ ಕೊಟ್ಟಳು. ಒಳಗಿನಿಂದ ರೊಟ್ಟಿ ತಟ್ಟುವ ಕೊಣಮಿಗೆಯ ಮೇಲೆ ಪಟ ಪಟ ಪಟ ಎಂದು ನೀಲತ್ತೆಯ ಕೈ ಬೀಳುತ್ತಿತ್ತು.